ಬೆಳಕಿನಿಂದ ಹೆಪ್ಪುಗಟ್ಟುವ ರೇಷ್ಮೆಯ ಸಾರ

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು, ಎಲ್.ಏಜಿ., ಬರೆದುದು)

ರೇಷ್ಮೆಯೆಂದರೆ ಸೀರೆಗೂ ಪಂಚೆಗೂ ಒದಗತಕ್ಕ ನೂಲೆಂಬುದು ನಮ್ಮ ಸೀಮೆಯ ಬೇಸಾಯಗಾರರ ಸಾಮಾನ್ಯವಾದ ತಿಳಿವಳಿಕೆಯಾಗಿದೆ. ರಾಮನಗರ, ಶಿಡ್ಲಘಟ್ಟ ಮುಂತಾದ ಮಾರುಕಟ್ಟೆಗಳಿಗೆ ಗೂಡನ್ನು ಒಯ್ಯುವವರು ಅದು ಬಿಚ್ಚಾಣಿಕೆಯವರ ಕೈಸೇರಿ ನೂಲಾಗುವವರೆಗಿನ ಕಥೆಯನ್ನು ಬಲ್ಲರು. ಆದರೆ ಅದೇ ಗೂಡಿನ ಎಳೆಯನ್ನು ಕರಗಿಸಿ ನೀರಿನಂತೆ ಮಾಡಿ, ಆ ನೀರಿನ ಮೇಲೆ ಬೆಳಕನ್ನು ಬಿಟ್ಟು ಹೆಪ್ಪುಗಟ್ಟಿಸಿ, ಮನುಷ್ಯನ ಗಾಯವನ್ನು ತುಂಬತಕ್ಕ ವಸ್ತುವನ್ನಾಗಿ ಮಾಡುವ ವಿದ್ಯೆಯೊಂದು ಈಚೆಗೆ ಬೆಳೆದು ಬಂದಿರುವುದು. ಇಂತಹ ಸುದ್ದಿಯು ಹಳ್ಳಿಗೆ ಮುಟ್ಟಿದಾಗ ಗ್ರಾಮದ ಮುಖ್ಯಸ್ಥರ ಬಳಿಗೆ ಎರಡು ಪ್ರಶ್ನೆಗಳು ಬರುವುದು ಸಹಜ. ಈ ಮಾತು ನಿಜವೇ ಎಂಬುದು ಒಂದು. ನಿಜವಾದರೆ ಗೂಡಿಗೆ ಔಷಧದ ಬೆಲೆ ಬಂದೀತೇ, ಹಿಪ್ಪುನೇರಳೆಯ ತೋಟವನ್ನು ಇನ್ನೆರಡು ಎಕರೆ ಹೆಚ್ಚಿಸಬಹುದೇ ಎಂಬುದು ಇನ್ನೊಂದು. ಇವೆರಡಕ್ಕೂ ಉತ್ತರವನ್ನು ಕೊಡುವುದೇ ಈ ಲೇಖನದ ಉದ್ದೇಶ.

ಹೆಪ್ಪುಗಟ್ಟುವಿಕೆಯ ಮೂರು ಬಗೆ

ಹಾಲು ಮೊಸರಾಗುವುದನ್ನು ನಾವು ನಿತ್ಯವೂ ಕಾಣುತ್ತೇವೆ. ಹಾಲಿನಲ್ಲಿ ಪ್ರೋಟೀನು ಎಂಬ ಸಸಾರಜನಕ ಪದಾರ್ಥವಿದೆ. ಹೆಪ್ಪಿನ ಹುಳಿಯು ತಗುಲಿದೊಡನೆ ಅದರ ಕಣಗಳು ಒಂದಕ್ಕೊಂದು ಅಂಟಿಕೊಂಡು ಬಲೆಯಂತಾಗುವುವು. ಹಾಲಿನ ನೀರೆಲ್ಲವೂ ಆ ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಂಡು ನಿಲ್ಲುವುದು. ಮೊಸರಿನಲ್ಲಿ ನೂರಕ್ಕೆ ಎಂಬತ್ತೈದು ಪಾಲಿಗೂ ಮೀರಿ ನೀರೇ ಇದ್ದರೂ ಪಾತ್ರೆಯನ್ನು ಓರೆಮಾಡಿದರೆ ಅದು ಹರಿದುಹೋಗದಿರುವುದಕ್ಕೆ ಇದೇ ಕಾರಣ. ಹಸು ಈದ ಮೊದಲ ದಿನಗಳ ಹಾಲನ್ನು ಹಬೆಯಲ್ಲಿ ಬೇಯಿಸಿದರೆ ಗಿಣ್ಣಾಗುವುದೂ ಇಂತಹ ಬಲೆಯಿಂದಲೇ. ಅಲ್ಲಿ ಹುಳಿಗೆ ಬದಲಾಗಿ ಕಾವು ಕೆಲಸಮಾಡುವುದು.

ಹೀಗೆ ಬಲೆಯೊಳಗೆ ನೀರನ್ನು ಹಿಡಿದು ಮೆತ್ತಗೆ ನಿಲ್ಲುವ ವಸ್ತುವಿಗೆ ವಿಜ್ಞಾನಿಗಳು ಹೈಡ್ರೋಜೆಲ್ ಎಂದು ಹೆಸರಿಟ್ಟಿರುವರು. ನಮ್ಮ ದೇಹದ ಮಾಂಸವೂ, ಮೆತ್ತನೆಯೆಲುಬೂ, ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವೂ ಬಹುಮಟ್ಟಿಗೆ ಇದೇ ಜಾತಿಯ ರಚನೆಯುಳ್ಳವು. ಆದುದರಿಂದ ಗಾಯವಾಗಿ ಕಳೆದುಹೋದ ಭಾಗವನ್ನು ಇಂತಹ ಜೆಲ್ಲಿನಿಂದ ತುಂಬಿದರೆ, ಸುತ್ತಲಿನ ಜೀವಕೋಶಗಳು ಅದರೊಳಗೆ ಹಬ್ಬಿ ಕ್ರಮೇಣ ಹೊಸ ಅಂಗಾಂಶವನ್ನು ಕಟ್ಟಲು ಅನುಕೂಲವಾಗುವುದು.

ಆದರೆ ಇಲ್ಲೊಂದು ತೊಡಕುಂಟು. ಗಾಯದ ಮೇಲೆ ಹುಳಿಯನ್ನು ಸುರಿಯುವಂತಿಲ್ಲ. ಗಿಣ್ಣಿನಂತೆ ಬೇಯಿಸುವಂತಿಲ್ಲ. ಮೊದಲೇ ಗಟ್ಟಿಮಾಡಿ ತಂದರೆ ಅಂಕುಡೊಂಕಾದ ಗಾಯದ ಆಕಾರಕ್ಕೆ ಅದು ಹೊಂದುವುದಿಲ್ಲ. ನೀರಾಗಿ ಒಳಹೊಕ್ಕು, ಮೂಲೆಮೂಲೆಯನ್ನೂ ತುಂಬಿ, ವೈದ್ಯನು ಬಯಸಿದ ಕ್ಷಣದಲ್ಲಿ, ಬಯಸಿದ ಜಾಗದಲ್ಲಿ ಮಾತ್ರ ಹೆಪ್ಪುಗಟ್ಟುವ ಉಪಾಯವೊಂದು ಬೇಕಾಗಿತ್ತು. ಆ ಮೂರನೆಯ ಉಪಾಯವೇ ಬೆಳಕು. ಬೆಳಕು ಬಿದ್ದಲ್ಲಿ ಗಟ್ಟಿಯಾಗುವುದು, ನೆರಳಿದ್ದಲ್ಲಿ ನೀರಾಗಿಯೇ ಉಳಿಯುವುದು, ದೀಪವನ್ನು ಆರಿಸಿದರೆ ಕೆಲಸವೂ ನಿಲ್ಲುವುದು.

ಈ ವಿದ್ಯೆಯ ಪೂರ್ವೋತ್ತರ

ಬೆಳಕಿನಿಂದ ಪ್ರೋಟೀನು ಗಟ್ಟಿಯಾಗುವ ಸಂಗತಿಯು ಹೊಸದಲ್ಲ. ೧೮೫೫ನೆಯ ಇಸವಿಯಲ್ಲಿ ಫ್ರಾನ್ಸ್ ದೇಶದ ಆಲ್ಫೋನ್ಸ್ ಪ್ವಾತ್ವಾಂ ಎಂಬಾತನು ಜೆಲಟಿನ್ನಿಗೆ ಬೈಕ್ರೋಮೇಟ್ ಎಂಬ ಲವಣವನ್ನು ಸೇರಿಸಿ ಬಿಸಿಲಿಗೆ ಹಿಡಿದು, ಬೆಳಕು ತಗುಲಿದ ಭಾಗವು ಮತ್ತೆ ನೀರಿನಲ್ಲಿ ಕರಗದೆ ನಿಲ್ಲುವ ಗುಣವನ್ನು ಉಪಯೋಗಿಸಿಕೊಂಡು ಚಿತ್ರಗಳನ್ನು ಅಚ್ಚುಹಾಕುವ ಕ್ರಮವನ್ನು ಏರ್ಪಡಿಸಿದನು. ಜೆಲಟಿನ್ ಎಂಬುದು ದನ ಮುಂತಾದ ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ ತೆಗೆಯುವ ಪ್ರೋಟೀನು. ಆದರೆ ಬೈಕ್ರೋಮೇಟು ವಿಷವಾದುದರಿಂದ ಅಚ್ಚಿನ ಕಾರ್ಖಾನೆಗೆ ಸಲ್ಲುವ ಆ ಕ್ರಮವು ಶರೀರಕ್ಕೆ ಸಲ್ಲದು. ಅಲ್ಲಿಂದ ಮುಂದಿನ ಪರಿಶ್ರಮವೆಲ್ಲವೂ ವಿಷವಿಲ್ಲದ ಸಹಾಯಕ ದ್ರವ್ಯವನ್ನು ಹುಡುಕುವುದರಲ್ಲಿ ಕಳೆದಿದೆಯೆಂದರೆ ತಪ್ಪಾಗಲಾರದು.

೨೦೦೦ದಲ್ಲಿ ಬೆಲ್ಜಿಯಂ ದೇಶದ ಗೆಂಟ್ ವಿಶ್ವವಿದ್ಯಾನಿಲಯದವರು ಜೆಲಟಿನ್ನಿಗೆ ಮೆಥಾಕ್ರಿಲ್ ಎಂಬ ಸಣ್ಣ ಕೊಂಡಿಗಳನ್ನು ಜೋಡಿಸಿ, ಬೆಳಕು ಬಿದ್ದಾಗ ಆ ಕೊಂಡಿಗಳು ಪರಸ್ಪರ ಬೆಸೆದುಕೊಳ್ಳುವ ಜೆಲ್ಲಿನ ಗುಣಗಳನ್ನು ಪ್ರಕಟಿಸಿದರು. ಬರಿಯ ಜೆಲಟಿನ್ನಿನ ಜೆಲ್ಲು ಮನುಷ್ಯನ ಮೈಕಾವಿಗೆ ಕರಗಿಹೋಗುವುದು. ಕೊಂಡಿ ಬೆಸೆದ ಜೆಲ್ಲಾದರೋ ಕರಗದೆ ನಿಲ್ಲುವುದು. ೨೦೦೫ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಕೀಟಗಳ ರೆಕ್ಕೆಯ ಬುಡದಲ್ಲಿರುವ ರೆಸಿಲಿನ್ ಎಂಬ ಪುಟಿಯುವ ಪ್ರೋಟೀನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ಬೆಳಕಿನಿಂದಲೇ ಬೆಸೆದರು. ೨೦೧೬ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾನಿಲಯದವರು ರೇಷ್ಮೆಯ ಸಾರಕ್ಕೆ ರೈಬೊಫ್ಲೇವಿನ್ನನ್ನು ಬೆರೆಸಿ, ಬೆಳಕಿನಿಂದ ಹೆಪ್ಪುಗಟ್ಟಿಸಿ, ಕಣ್ಣಿನ ಉಪಯೋಗಕ್ಕೆಂದು ಪಾರದರ್ಶಕವಾದ ಜೆಲ್ಲನ್ನು ಮಾಡಿ ತೋರಿಸಿದರು. ೨೦೧೮ರಲ್ಲಿ ದಕ್ಷಿಣ ಕೊರಿಯದ ಹಾಲಿಂ ವಿಶ್ವವಿದ್ಯಾನಿಲಯದವರು ರೇಷ್ಮೆಗೂ ಜೆಲಟಿನ್ನಿನಂತೆಯೇ ಕೊಂಡಿಗಳನ್ನು ಜೋಡಿಸಿ, ಬೆಳಕಿನ ಬಿಂಬವನ್ನು ಪದರಪದರವಾಗಿ ಬೀಳಿಸುತ್ತ ಬೇಕಾದ ಆಕಾರಗಳನ್ನು ಎರಕದಂತೆ ತೆಗೆದರು.

ಗೂಡಿನಿಂದ ಸಾರವನ್ನು ತೆಗೆಯುವ ಕ್ರಮ

ಗೂಡಿನ ಎಳೆಯಲ್ಲಿ ಎರಡು ಪ್ರೋಟೀನುಗಳಿವೆ. ಒಳಗಿನ ಗಟ್ಟಿಯಾದ ಎಳೆಗೆ ಫೈಬ್ರೋಯಿನ್ ಎಂದೂ, ಅದರ ಮೇಲೆ ಲೇಪಿಸಿದ ಅಂಟಿಗೆ ಸೆರಿಸಿನ್ ಎಂದೂ ಹೆಸರು. ಗೂಡಿನ ಚಿಪ್ಪಿನ ತೂಕದಲ್ಲಿ ನೂರಕ್ಕೆ ೭೦ರಿಂದ ೭೫ ಪಾಲು ಫೈಬ್ರೋಯಿನ್, ಮಿಕ್ಕದ್ದು ಹೆಚ್ಚಾಗಿ ಅಂಟು. ಪ್ರಯೋಗಶಾಲೆಗಳಲ್ಲಿ ರೂಢಿಯಲ್ಲಿರುವ ಕ್ರಮವು ಈ ರೀತಿ ಇರುತ್ತದೆ:—

೧. ಗೂಡುಗಳನ್ನು ಕತ್ತರಿಸಿ ಒಳಗಿನ ಕೋಶವನ್ನು ತೆಗೆದುಹಾಕಿ, ಕಲೆಬಿದ್ದ ಒಳಪದರಗಳನ್ನು ಬೇರ್ಪಡಿಸುವರು.

೨. ೫ ಗ್ರಾಂ ಚಿಪ್ಪಿಗೆ ೨ ಲೀಟರು ಕುದಿಯುವ ನೀರಿನ ಪ್ರಮಾಣದಲ್ಲಿ, ೪.೨೪ ಗ್ರಾಂ ಸೋಡಿಯಂ ಕಾರ್ಬೊನೇಟ್, ಅಂದರೆ ಬಟ್ಟೆಯ ಸೋಡ, ಹಾಕಿ ೩೦ ನಿಮಿಷ ಕುದಿಸುವರು. ಇದರಿಂದ ಅಂಟು ಬಿಟ್ಟುಹೋಗುವುದು. ಅನಂತರ ಶುದ್ಧವಾದ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿ, ಹಿಂಡಿ, ಒಣಗಿಸುವರು.

೩. ಒಣಗಿದ ಎಳೆಯನ್ನು ಲಿಥಿಯಂ ಬ್ರೋಮೈಡ್ ಎಂಬ ಲವಣದ ಗಾಢವಾದ ದ್ರಾವಣದಲ್ಲಿ, ೬೦ ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ, ಸುಮಾರು ೪ ಗಂಟೆಗಳ ಕಾಲ ಇಟ್ಟು ಕರಗಿಸುವರು.

೪. ಆ ದ್ರಾವಣವನ್ನು ಅತಿ ಸೂಕ್ಷ್ಮರಂಧ್ರಗಳುಳ್ಳ ಪೊರೆಯ ಚೀಲದಲ್ಲಿ ತುಂಬಿ, ಶುದ್ಧಜಲದಲ್ಲಿ ಎರಡು ದಿನಗಳ ಕಾಲ ಮುಳುಗಿಸಿಟ್ಟು, ಹೊರಗಿನ ನೀರನ್ನು ಆಗಾಗ ಬದಲಾಯಿಸುತ್ತಿರುವರು. ಲವಣವು ಹೊರಕ್ಕೆ ಹೋಗಿ, ರೇಷ್ಮೆಯ ಸಾರವು ಒಳಗೆ ಉಳಿಯುವುದು.

೫. ಉಳಿದ ಸಾರವನ್ನು ಯಂತ್ರದಲ್ಲಿ ವೇಗವಾಗಿ ಸುತ್ತಿಸಿ, ಕಸವನ್ನು ತಳಕ್ಕಿಳಿಸಿ, ತಿಳಿಯನ್ನು ತಂಪಿನಲ್ಲಿ ಶೇಖರಿಸುವರು. ಇದರಲ್ಲಿ ನೂರಕ್ಕೆ ಏಳೆಂಟು ಪಾಲು ರೇಷ್ಮೆಯಿರುವುದು.

ಎರಡನೆಯ ಹಂತವು ಬಹಳ ನಾಜೂಕಿನದು. ಕುದಿಸುವ ಕಾಲವು ಕಡಮೆಯಾದರೆ ಅಂಟು ಉಳಿದುಕೊಳ್ಳುವುದು. ಹೆಚ್ಚಾದರೆ ಫೈಬ್ರೋಯಿನ್ನಿನ ಉದ್ದವಾದ ಸರಪಣಿಗಳು ತುಂಡಾಗುವುವು. ತುಂಡು ಹಗ್ಗಗಳಿಂದ ಹೆಣೆದ ಬಲೆಯು ಹೇಗೆ ಭಾರವನ್ನು ತಡೆಯಲಾರದೋ ಹಾಗೆಯೇ ತುಂಡಾದ ಸರಪಣಿಗಳ ಜೆಲ್ಲೂ ಬಲಹೀನವಾಗುವುದು. ಬೆಳಕು ಗಂಟುಹಾಕಬಲ್ಲುದೇ ಹೊರತು ಹಾಳಾದ ಎಳೆಯನ್ನು ಸರಿಮಾಡಲಾರದು.

ಬೆಳಕು ಮಾಡುವ ಕೆಲಸ

ಹಾಲೊಡೆದಾಗ ಮೇಲೆ ನಿಲ್ಲುವ ತಿಳಿನೀರಿಗೆ ಹಸಿರು ಮಿಶ್ರವಾದ ಹಳದಿ ಛಾಯೆಯಿರುವುದನ್ನು ಎಲ್ಲರೂ ನೋಡಿರುವರು. ಆ ಬಣ್ಣಕ್ಕೆ ಕಾರಣವಾದ ವಸ್ತುವೇ ರೈಬೊಫ್ಲೇವಿನ್, ಅಂದರೆ ಬಿ೨ ಎಂಬ ಜೀವಸತ್ವ. ಇದು ನೀಲಿಬೆಳಕನ್ನೂ, ಅದಕ್ಕಿಂತ ತೀಕ್ಷ್ಣವಾದ ಅತಿನೇರಳೆ ಕಿರಣವನ್ನೂ ಹೀರಿಕೊಳ್ಳುವ ಸ್ವಭಾವವುಳ್ಳದ್ದು. ಗಾಜಿನ ಸೀಸೆಯಲ್ಲಿಟ್ಟ ಹಾಲು ಬಿಸಿಲಿಗೆ ಬಿದ್ದರೆ ರುಚಿಗೆಡುವುದಕ್ಕೂ ಇದೇ ಮುಖ್ಯ ಕಾರಣ.

ರೇಷ್ಮೆಯ ಸಾರಕ್ಕೆ ಸ್ವಲ್ಪ ರೈಬೊಫ್ಲೇವಿನ್ನನ್ನು ಬೆರೆಸಿ ಬೆಳಕನ್ನು ಬಿಟ್ಟರೆ, ಅದು ಹೀರಿದ ಶಕ್ತಿಯು ಸಾರದಲ್ಲಿ ಕರಗಿರುವ ಆಮ್ಲಜನಕವನ್ನು ಚುರುಕುಗೊಳಿಸುವುದು. ಫೈಬ್ರೋಯಿನ್ನಿನ ಸರಪಣಿಯಲ್ಲಿ ಟೈರೊಸಿನ್ ಎಂಬ ಕೊಂಡಿಗಳು ನೂರಕ್ಕೆ ಐದರಂತೆ ಅಲ್ಲಲ್ಲಿ ಇರುತ್ತವೆ. ಚುರುಕುಗೊಂಡ ಆಮ್ಲಜನಕದ ಪ್ರಭಾವದಿಂದ ಒಂದು ಸರಪಣಿಯ ಟೈರೊಸಿನ್ ಮತ್ತೊಂದರ ಟೈರೊಸಿನ್ನಿನೊಡನೆ ಬೆಸೆದುಕೊಳ್ಳುವುದು. ಇಂತಹ ಅಸಂಖ್ಯಾತ ಗಂಟುಗಳು ಬಿದ್ದಾಗ ನೀರಾಗಿದ್ದುದು ಬಲೆಯಾಗಿ, ನೀರನ್ನು ಹಿಡಿದು ನಿಲ್ಲುವುದು. ರೇಷ್ಮೆಯ ಸಾರವನ್ನು ಅಲುಗಾಡಿಸಿದರೂ, ಹುಳಿಮಾಡಿದರೂ ಅದು ತಾನಾಗಿ ಹೆಪ್ಪುಗಟ್ಟುವುದುಂಟು. ಆದರೆ ಆ ಹೆಪ್ಪು ಬೆಳ್ಳಗೆ, ಬಿರುಸಾಗಿರುವುದು. ಬೆಳಕಿನಿಂದಾದುದು ಸ್ಫಟಿಕದಂತೆ ತಿಳಿಯಾಗಿಯೂ ಬಾಗುವಂತಹುದಾಗಿಯೂ ಇರುವುದರಿಂದಲೇ ಕಣ್ಣಿನ ವೈದ್ಯರ ದೃಷ್ಟಿಯು ಇದರ ಮೇಲೆ ಬಿದ್ದಿದೆ. ರೇಷ್ಮೆಯ ಜೆಲ್ಲು ಕಾಲಕ್ರಮದಲ್ಲಿ ಬಿರುಸಾಗುತ್ತ ಹೋಗುವುದು ಅದರ ಒಂದು ಕೊರತೆ. ಅದನ್ನು ನೀಗಿಸುವ ಪ್ರಯತ್ನಗಳು ನಡೆದಿವೆ.

ರೈಬೊಫ್ಲೇವಿನ್ ಮತ್ತು ಬೆಳಕಿನ ಈ ಜೋಡಿಯು ವೈದ್ಯಶಾಲೆಗೆ ಅಪರಿಚಿತವಾದುದಲ್ಲ. ಕೆಲವರ ಕಣ್ಣಿನ ಪಾರದರ್ಶಕ ಪಟಲವು ತೆಳುವಾಗಿ ಮುಂದಕ್ಕೆ ಉಬ್ಬುತ್ತ ಹೋಗುವ ರೋಗವೊಂದುಂಟು. ಜರ್ಮನಿಯ ಡ್ರೆಸ್‌ಡೆನ್ ನಗರದ ವೈದ್ಯರು ಪಟಲಕ್ಕೆ ರೈಬೊಫ್ಲೇವಿನ್ನನ್ನು ತೊಟ್ಟಿಕ್ಕಿಸಿ, ೩೦ ನಿಮಿಷಗಳ ಕಾಲ ಮಿತವಾದ ಅತಿನೇರಳೆ ಕಿರಣವನ್ನು ಬಿಟ್ಟು, ಪಟಲದಲ್ಲಿಯೇ ಇರುವ ಪ್ರೋಟೀನಿನ ಎಳೆಗಳನ್ನು ಬೆಸೆದು ರೋಗದ ಮುನ್ನಡೆಯನ್ನು ತಡೆದ ವಿವರವನ್ನು ೨೦೦೩ರಲ್ಲಿ ಪ್ರಕಟಿಸಿದರು. ಆಗ ಚಿಕಿತ್ಸೆ ಪಡೆದವು ೨೨ ಜನರ ೨೩ ಕಣ್ಣುಗಳು. ಈಗ ಈ ಚಿಕಿತ್ಸೆಯು ನಮ್ಮ ದೇಶದ ದೊಡ್ಡ ಕಣ್ಣಾಸ್ಪತ್ರೆಗಳಲ್ಲಿಯೂ ಬಳಕೆಯಲ್ಲಿದೆ.

ಶರೀರಕ್ಕೆ ಒಗ್ಗುವುದೆಂದರೇನು

ಹೊರಗಿನ ವಸ್ತುವು ದೇಹವನ್ನು ಹೊಕ್ಕಾಗ ಊತ, ಕೀವು, ಉರಿಗಳನ್ನು ಉಂಟುಮಾಡದೆ, ತನ್ನ ಕೆಲಸವನ್ನು ಮಾಡಿಕೊಂಡು, ಸಕಾಲದಲ್ಲಿ ಕರಗಿಹೋದರೆ ಅಥವಾ ನಿರುಪದ್ರವಿಯಾಗಿ ಉಳಿದರೆ ಅದು ಶರೀರಕ್ಕೆ ಒಗ್ಗಿತೆಂದು ಹೇಳುವರು. ರೇಷ್ಮೆಯ ದಾರದಿಂದ ಗಾಯವನ್ನು ಹೊಲಿಯುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿರುವುದರಿಂದ ಫೈಬ್ರೋಯಿನ್ನಿನ ವಿಷಯದಲ್ಲಿ ವೈದ್ಯರಿಗೆ ನಂಬಿಕೆಯುಂಟು. ಆದರೆ ಪ್ರೋಟೀನು ಒಳ್ಳೆಯದಾದ ಮಾತ್ರಕ್ಕೆ ಜೆಲ್ಲು ಒಳ್ಳೆಯದಾಗದು. ಉಳಿದುಹೋದ ಅಂಟು, ತೊಳೆಯದೆ ಬಿಟ್ಟ ಲವಣ, ಹೆಚ್ಚಾದ ಸಹಾಯಕ ದ್ರವ್ಯ, ಅತಿಯಾದ ಕಿರಣ ಇವುಗಳಲ್ಲಿ ಯಾವುದೊಂದಾದರೂ ಜೀವಕೋಶಗಳನ್ನು ಕೊಲ್ಲಬಲ್ಲುದು. ಆದುದರಿಂದಲೇ ಕಣ್ಣಿಗೆ ಅತಿನೇರಳೆಗಿಂತ ಕಣ್ಣಿಗೆ ಕಾಣುವ ಬೆಳಕೇ ಮೇಲೆಂದು ೨೦೧೯ರಲ್ಲಿ ಅಮೆರಿಕದ ಸಂಶೋಧಕರು ಜೆಲಟಿನ್ನಿನ ಜೆಲ್ಲೊಂದನ್ನು ಅಂತಹ ಬೆಳಕಿನಿಂದಲೇ ಗಟ್ಟಿಮಾಡಿ ಮೊಲದ ಕಣ್ಣಿನ ಗಾಯವನ್ನು ಮುಚ್ಚಿ ತೋರಿಸಿದರು.

ಇಂತಹ ಪ್ರತಿಯೊಂದು ವಸ್ತುವೂ ಮೊದಲು ಪಾತ್ರೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ, ಆಮೇಲೆ ಪ್ರಾಣಿಗಳ ಮೇಲೆ, ಕಡೆಗೆ ಒಪ್ಪಿದ ರೋಗಿಗಳ ಮೇಲೆ ಪರೀಕ್ಷಿಸಲ್ಪಡಬೇಕು. ನಮ್ಮ ದೇಶದಲ್ಲಿ ಇವು ೨೦೧೭ರ ವೈದ್ಯಕೀಯ ಉಪಕರಣಗಳ ನಿಯಮಾವಳಿಗೆ ಒಳಪಡತಕ್ಕವು. ಬೆಳಕಿನಿಂದ ಹೆಪ್ಪುಗಟ್ಟುವ ರೇಷ್ಮೆಯ ಜೆಲ್ಲು ಇನ್ನೂ ನಮ್ಮ ಸಾಮಾನ್ಯ ಆಸ್ಪತ್ರೆಗಳ ದಿನಬಳಕೆಗೆ ಬಂದಿಲ್ಲ. ಇದನ್ನು ಮನೆಯಲ್ಲಿ ತಯಾರಿಸಿ ಗಾಯಕ್ಕೆ ಹಚ್ಚುವ ಸಾಹಸವನ್ನು ಯಾರೂ ಸರ್ವಥಾ ಮಾಡಕೂಡದು.

ಗೂಡಿನ ಬೆಲೆಯ ಲೆಕ್ಕ

ಇನ್ನು ಎರಡನೆಯ ಪ್ರಶ್ನೆ. ಇದಕ್ಕೆ ಊಹೆಗಿಂತ ಲೆಕ್ಕವೇ ಉತ್ತಮ. ಒಂದು ಗಾಯಕ್ಕೆ ೧ ಮಿಲಿಲೀಟರು ಜೆಲ್ಲು ಬೇಕಾಗುವುದೆಂದೂ, ಅದರಲ್ಲಿ ನೂರಕ್ಕೆ ೧೦ ಪಾಲು ರೇಷ್ಮೆಯಿರುವುದೆಂದೂ ಎಣಿಸೋಣ. ಕಣ್ಣಿನ ಗಾಯಕ್ಕಾದರೋ ಇದರ ಸ್ವಲ್ಪಾಂಶವೇ ಸಾಕು. ಹಾಗೆ ಎಣಿಸಿದರೆ ಒಂದು ಗಾಯಕ್ಕೆ ಗ್ರಾಮಿನ ಹತ್ತನೆಯ ಒಂದು ಪಾಲು, ಒಂದು ಲಕ್ಷ ಗಾಯಗಳಿಗೆ ೧೦ ಕಿಲೋಗ್ರಾಂ ಫೈಬ್ರೋಯಿನ್ ಬೇಕಾಗುವುದು. ಅಂಟು ಕಳೆದು ಇಷ್ಟು ಸಿಗಲು ಸುಮಾರು ೧೫ ಕಿಲೋಗ್ರಾಂ ಚಿಪ್ಪು ಬೇಕು. ಕೆಲಸದಲ್ಲಿ ಅರ್ಧಕ್ಕರ್ಧ ನಷ್ಟವಾಯಿತೆಂದು ಹಿಡಿದರೂ ೩೦ ಕಿಲೋಗ್ರಾಂ ಆಯಿತು. ಒಳ್ಳೆಯ ಹಸಿಗೂಡಿನ ತೂಕದಲ್ಲಿ ಚಿಪ್ಪು ಐದನೆಯ ಒಂದು ಭಾಗವಾದುದರಿಂದ ಇದು ೧೫೦ ಕಿಲೋಗ್ರಾಂ ಹಸಿಗೂಡಿಗೆ ಸಮ. ನೂರು ಮೊಟ್ಟೆಗೆ ೬೦ ಕಿಲೋಗ್ರಾಂ ಇಳುವರಿಯಂತೆ ಎಣಿಸಿದರೆ ೨೫೦ ಮೊಟ್ಟೆಯ ಒಂದೇ ಒಂದು ಬೆಳೆಯು ಲಕ್ಷ ಜನರ ಗಾಯಕ್ಕೆ ಸಾಲುವುದಾಯಿತು.

ಆದುದರಿಂದ ಈ ಉಪಯೋಗವು ಎಷ್ಟೇ ಹಬ್ಬಿದರೂ ಮಾರುಕಟ್ಟೆಯಲ್ಲಿ ಗೂಡಿನ ಧಾರಣೆಯು ಇದರಿಂದ ಏರುವ ಸಂಭವವಿಲ್ಲ. ಇದನ್ನು ನೆಚ್ಚಿ ಸಾಲಮಾಡಿ ತೋಟವನ್ನು ಹೆಚ್ಚಿಸುವುದು ವಿವೇಕವೆನಿಸದು. ಔಷಧದ ಗೂಡಿಗೆಂದು ವಿಶೇಷ ಬೆಲೆಯ ಆಸೆ ತೋರಿಸಿ ಯಾರಾದರೂ ಮುಂಗಡ ಹಣವನ್ನೋ, ಸದಸ್ಯತ್ವದ ಶುಲ್ಕವನ್ನೋ ಕೇಳಿದರೆ ಗ್ರಾಮದ ಮುಖ್ಯಸ್ಥರು ಮೇಲಣ ಲೆಕ್ಕವನ್ನು ಜನರಿಗೆ ಓದಿ ಹೇಳಿದರೆ ಸಾಕು. ಅಂತಹವರ ಮಾತಿಗೆ ಒಳಗಾಗುವ ಮುನ್ನ ರೇಷ್ಮೆ ಇಲಾಖೆಯ ಕಛೇರಿಯಲ್ಲಿ ವಿಚಾರಿಸುವುದು ಯುಕ್ತ.

ಆದರೂ ನಿಜವಾದ ಸಂಶೋಧನಾಲಯವೋ, ಗಾಯದ ಪಟ್ಟಿಗಳನ್ನು ತಯಾರಿಸುವ ಸಂಸ್ಥೆಯೋ ಗೂಡನ್ನು ಕೇಳಿದರೆ ಅವರಿಗೆ ಬೇಕಾದುದೇನೆಂಬುದನ್ನು ತಿಳಿದಿರುವುದು ಒಳ್ಳೆಯದು. ನೂಲು ಬಿಚ್ಚಲು ಬಾರದ, ಮೊಟ್ಟೆಯ ಕೇಂದ್ರಗಳಲ್ಲಿ ಕತ್ತರಿಸಿದ ಗೂಡೂ ಈ ಕೆಲಸಕ್ಕೆ ಸಲ್ಲುವುದು, ಏಕೆಂದರೆ ಹೇಗೂ ಅದನ್ನು ಕತ್ತರಿಸಿಯೇ ಕುದಿಸಬೇಕು. ಆದರೆ ಊಜಿ ನೊಣ ಬಿದ್ದ, ಹುಳು ಒಳಗೇ ಸತ್ತು ಕೊಳೆತು ಕಲೆಯಾದ, ಬೂಷ್ಟು ಹಿಡಿದ ಗೂಡು ಸಲ್ಲದು. ತಳಿಯ ಹೆಸರು, ಮೊಟ್ಟೆ ತಂದ ಸ್ಥಳ, ಚಾಕಿ ಕಟ್ಟಿದ ಮತ್ತು ಗೂಡು ಬಿಡಿಸಿದ ತಾರೀಖು, ಮನೆಗೆ ಬಳಸಿದ ಸೋಂಕುನಿವಾರಕ ಇವುಗಳನ್ನು ಪುಸ್ತಕದಲ್ಲಿ ಬರೆದಿಟ್ಟಿರತಕ್ಕದ್ದು. ಈ ಶುಚಿ ಮತ್ತು ಲೆಕ್ಕದ ಅಭ್ಯಾಸವು ನೂಲಿನ ಗೂಡಿಗೂ ಒಳ್ಳೆಯ ಬೆಲೆಯನ್ನೇ ತರುವುದರಿಂದ ಇದರಲ್ಲಿ ಪಟ್ಟ ಶ್ರಮವು ವ್ಯರ್ಥವಾಗಲಾರದು.

ಮುಖ್ಯಸ್ಥರಿಗೂ ಭೂಮಾಲೀಕರಿಗೂ ಒಂದು ಮಾತು

ಹಾಗಾದರೆ ಈ ವಿದ್ಯೆಯಿಂದ ಹಳ್ಳಿಗೆ ಲಾಭವಿಲ್ಲವೇ? ಲಾಭವುಂಟು. ಅದನ್ನು ಸಂತೆಯಲ್ಲಿ ಹುಡುಕದೆ ಕಣದಲ್ಲಿ ಹುಡುಕಬೇಕು. ಒಕ್ಕಣೆಯ ಕಾಲದಲ್ಲಿ ಭತ್ತದ ಹೊಟ್ಟು ಸಿಡಿದು, ಕಬ್ಬು ಕಡಿಯುವಾಗ ಸೋಗೆಯ ಅಂಚು ತಗುಲಿ, ಕೂಲಿಯಾಳುಗಳ ಕಣ್ಣಿನ ಪಟಲವು ಗೀರುವುದುಂಟು. ದಕ್ಷಿಣ ಭಾರತದಲ್ಲಿ ಇಂತಹ ಗೀರಿನ ಮೂಲಕ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಗಳು ಒಳಹೊಕ್ಕು ಹುಣ್ಣಾಗುವುದು ವ್ಯವಸಾಯಗಾರರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಹುಣ್ಣು ಮಾಗಿದ ಮೇಲೆ ಉಳಿಯುವ ಬಿಳಿಯ ಕಲೆಯನ್ನೇ ನಮ್ಮವರು ಕಣ್ಣಿಗೆ ಹೂ ಬಿದ್ದಿದೆ ಎನ್ನುವುದು. ಆಗ ಮತ್ತೊಬ್ಬರು ದಾನಮಾಡಿದ ಪಟಲವನ್ನು ಜೋಡಿಸುವುದೊಂದೇ ಬಹುಮಟ್ಟಿಗೆ ಉಳಿದ ದಾರಿ, ದಾನದ ಕಣ್ಣುಗಳಾದರೋ ಬೇಕಾದಷ್ಟು ದೊರೆಯುತ್ತಿಲ್ಲ. ರೇಷ್ಮೆ, ಜೆಲಟಿನ್ ಮುಂತಾದವುಗಳ ಜೆಲ್ಲಿನಿಂದ ಪಟಲವನ್ನು ತುಂಬಿ ಸರಿಪಡಿಸುವ ಕಾಲವು ಬಂದರೆ, ಅದರ ಪ್ರಯೋಜನವು ಎಲ್ಲರಿಗಿಂತ ಹೆಚ್ಚಾಗಿ ನಮ್ಮ ಹೊಲಗದ್ದೆಗಳಲ್ಲಿ ದುಡಿಯುವವರಿಗೇ ಸಲ್ಲುವುದು.

ಆದರೆ ಸೋಂಕು ಬೇರೂರಿದ ಹುಣ್ಣಿನ ಮೇಲೆ ಯಾವ ಜೆಲ್ಲನ್ನು ಮುಚ್ಚಿದರೂ ಒಳಗಿನ ಕೇಡು ಒಳಗೇ ಬೆಳೆಯುವುದು. ಮೊದಲು ಸೋಂಕು ಹೋಗಬೇಕು. ಆದುದರಿಂದ ಮುಂದೆ ಬರಲಿರುವ ಚಿಕಿತ್ಸೆಗೂ ಇಂದಿನ ಎಚ್ಚರಿಕೆಯೇ ತಳಹದಿ. ಅದಕ್ಕಾಗಿ ಆಚರಿಸತಕ್ಕ ಕ್ರಮಗಳು ಸುಲಭವಾದವು:—

೧. ಒಕ್ಕಣೆ, ತೂರುವುದು, ಕಬ್ಬು ಕಡಿತ ಈ ಕೆಲಸಗಳಿಗೆ ಬರುವ ಆಳುಗಳಿಗೆ ಪಕ್ಕಗಳೂ ಮುಚ್ಚುವ ಕನ್ನಡಕಗಳನ್ನು ಜಮೀನಿನ ಯಜಮಾನರು ಒದಗಿಸಬೇಕು.

೨. ಕಣ್ಣಿಗೆ ಏನಾದರೂ ಬಿದ್ದರೆ ಉಜ್ಜಕೂಡದು. ಕುಡಿಯಲು ಯೋಗ್ಯವಾದ ಶುದ್ಧ ನೀರಿನಿಂದ ತೊಳೆಯಬೇಕು. ನಾಟಿಕೊಂಡ ವಸ್ತುವನ್ನು ಕೀಳಕೂಡದು.

೩. ಸೊಪ್ಪಿನ ರಸ, ಹಾಲು, ಹರಳೆಣ್ಣೆ ಮೊದಲಾದುವನ್ನು ಬಿಡಕೂಡದು. ಹಿಂದೆ ಬೇರೆ ರೋಗಕ್ಕೆಂದು ತಂದಿಟ್ಟ ಕಣ್ಣಿನ ಔಷಧವನ್ನೂ ಹಾಕಕೂಡದು. ಅವುಗಳಲ್ಲಿ ಕೆಲವು ಬೂಷ್ಟಿನ ಸೋಂಕನ್ನು ಬೆಳೆಸುವುವು.

೪. ನೋವು, ಕೆಂಪು, ಮಂಜು ಇದ್ದರೆ ಅದೇ ದಿನ ಕಣ್ಣಿನ ವೈದ್ಯರಿರುವ ಆಸ್ಪತ್ರೆಗೆ ಕಳುಹಿಸಬೇಕು. ಕೂಲಿ ತಪ್ಪೀತೆಂದು ಆಳು ಹಿಂಜರಿದರೆ ಆ ದಿನದ ಕೂಲಿಯನ್ನು ಯಜಮಾನರು ಕೊಟ್ಟು ಕಳುಹಿಸುವುದು ಧರ್ಮ.

ಒಂದು ಜೊತೆ ಕನ್ನಡಕದ ಬೆಲೆಯೂ ಒಂದು ದಿನದ ಕೂಲಿಯೂ ಒಂದು ಕಣ್ಣಿಗೆ ಸಾಟಿಯಾಗಲಾರವು. ಮುಂದಿನ ಒಕ್ಕಣೆಯು ಪ್ರಾರಂಭವಾಗುವುದರೊಳಗಾಗಿ ಪ್ರತಿಯೊಂದು ಗ್ರಾಮದ ಮುಖ್ಯಸ್ಥರೂ ತಮ್ಮ ಊರಿನ ಕಣಗಳಲ್ಲಿ ಈ ಏರ್ಪಾಡನ್ನು ಮಾಡಿಸುವರೆಂದು ನಂಬಲಾಗಿದೆ.